ಕೈಚೀಲದಲ್ಲಿ ನಲವತ್ತು ಪ್ರತಿ

ಹಾನಗಲ್ಲಿನ ಬಸ್ ನಿಲ್ದಾಣ, ಬೆಳಗಿನ ಏಳೂವರೆ. ನಿವೃತ್ತ ಮಾಸ್ತರರು ಎರಡು ಕೈಚೀಲಗಳನ್ನು ಕಾಲ ನಡುವೆ ಇಟ್ಟುಕೊಂಡು ಕೂತಿದ್ದಾರೆ; ಜೊತೆಗೆ ನಾನು. ಒಂದೊಂದರಲ್ಲಿ ತಾವೇ ಬರೆದ ಪುಸ್ತಕದ ಇಪ್ಪತ್ತು ಪ್ರತಿ. ಪಿಂಚಣಿ ದುಡ್ಡಿನಲ್ಲಿ ಅಚ್ಚು ಹಾಕಿಸಿದ್ದು 1000 ಪ್ರತಿ; ಮಿಕ್ಕವು ಮನೆಯಲ್ಲಿ ಗೋವಿನಜೋಳದ ಚೀಲಗಳ ಪಕ್ಕ ಒಟ್ಟಿವೆ. ‘ಜ್ವಾಳಕ್ಕರ ದಲಾಲಿ ಅದಾನ್ರಿ. ಇದಕ್ಕ ನಾನ ದಲಾಲಿ, ನಾನ ಹಮಾಲಿ.’

ಚೀಲದ ಉಬ್ಬು ನೋಡಿ ಕಂಡಕ್ಟರ್ ಕೇಳಿದ: ‘ಏನ್ರಿ ಮಾಸ್ತರ, ಅರಿವಿ ಯಾಪಾರ ಹಿಡದ್ರೇನು?’

ಶಿಗ್ಗಾವಿಯಲ್ಲಿ ಶಾಲೆಯೊಂದರ ಬೀಳ್ಕೊಡುಗೆ ಸಮಾರಂಭ. ಈ ಸೀಮೆಯಲ್ಲಿ ಸನ್ಮಾನವೆಂದರೆ ಹಾವೇರಿಯ ಏಲಕ್ಕಿ ಹಾರ, ಮೇಲೊಂದು ಶಾಲು. ಇದೇ ಕ್ಷೇತ್ರದಿಂದ ಗೆದ್ದು ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ, 2021ರ ಆಗಸ್ಟ್‌ನಲ್ಲಿ, ಸರ್ಕಾರಿ ಸಮಾರಂಭಗಳಲ್ಲಿ ಹಾರ–ಶಾಲು ಬೇಡ, ಕೊಡುವುದಾದರೆ ಕನ್ನಡ ಪುಸ್ತಕ ಕೊಡಿ ಎಂದಿದ್ದರು. ಮಾಸ್ತರರು ಆ ಸುದ್ದಿಯ ಪತ್ರಿಕಾ ತುಣುಕನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿ ಇಟ್ಟಿದ್ದಾರೆ. ‘ಶಾಲು ಟ್ರಂಕಿನ್ಯಾಗ ಹೊಕ್ಕೈತ್ರಿ, ಪುಸ್ತಕ ಕೈಯಾಗ ಉಳಿತೈತಿ.’ ಪುಸ್ತಕವೂ ಟ್ರಂಕು ಸೇರುವುದುಂಟು. ನಾನು ಬಾಯಿ ಬಿಡಲಿಲ್ಲ. ಹನ್ನೆರಡು ಪ್ರತಿ ಹೋದವು. ಏಲಕ್ಕಿ ಹಾರವೂ ಬಂದೇ ಬಂತು.

ಸವಣೂರಿನಲ್ಲಿ ಖಾರದ ಅಂಗಡಿ. ಬಾಣಲೆಯ ಹಿಂದೆ ನಿಂತವನು ಇವರ ಹಳೆಯ ವಿದ್ಯಾರ್ಥಿ. ಎಣ್ಣೆಗೈ ಒರೆಸಿ, ಪುಸ್ತಕವನ್ನು ಅಂಚಿನಲ್ಲಷ್ಟೇ ಹಿಡಿದು, ಬೆಲೆ ನೋಡಿದ. 120 ರೂಪಾಯಿ. ‘ನಿಮ್ಮ ಕೈಲೆ ಇಷ್ಟು ಹೊಡ್ತ ತಿಂದೇನ್ರಿ ಸರ್, ಇದೇನ ಹೆಚ್ಚಲ್ಲ ಬಿಡ್ರಿ. ಉದ್ರಿ ಬರಕೊರ್ರಿ.’ ಲೇಖಕರ ಹಸ್ತಾಕ್ಷರಕ್ಕೆಂದು ಬಿಟ್ಟ ಪುಟದಲ್ಲಿ ಹಸ್ತಾಕ್ಷರ, ಜೇಬಿನ ಡೈರಿಯಲ್ಲಿ ಉದ್ರಿ. ಹೊರಡುವಾಗ ಚೀಲಕ್ಕೆ ಅರ್ಧ ಕಿಲೋ ಖಾರ ಬಿತ್ತು.

ಹಾವೇರಿಯ ದಾರಿಯಲ್ಲಿ ವರದೆಯ ಮಾತು ಬಂತು. ಆ ಹೊಳೆ ತುಂಗಭದ್ರೆಯನ್ನು ಕೂಡುವ ಊರು ಗಳಗನಾಥ. ಅಲ್ಲಿಯ ವೆಂಕಟೇಶ ತಿರಕೋ ಕುಲಕರ್ಣಿ (1869–1942) ಊರಿನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡು ಕಾದಂಬರಿ ಬರೆದರು. ‘ಮಾಧವ ಕರುಣಾ ವಿಲಾಸ’ ಅವರದೇ. ಬರೆದದ್ದಕ್ಕಿಂತ ಕಷ್ಟದ ಕೆಲಸವನ್ನೂ ಮಾಡಿದರು: ಪುಸ್ತಕದ ಗಂಟು ಹೊತ್ತು ಊರೂರು ನಡೆದು, ಮನೆ ಬಾಗಿಲಲ್ಲಿ ನಿಂತು ಮಾರಿದರು. ‘ಅವರಿಗೆ ಈ ಬಸ್ಸೂ ಇದ್ದಿಲ್ರಿ’ ಎಂದು ಮಾಸ್ತರರು ಚೀಲವನ್ನು ಸೀಟಿನ ಕೆಳಗೆ ಇನ್ನಷ್ಟು ತಳ್ಳಿದರು.

ಹಿರೇಕೆರೂರು ಮುಟ್ಟಿದಾಗ ಸಂಜೆ. ಸರ್ವಜ್ಞನ ಅಬಲೂರು ಇದೇ ತಾಲ್ಲೂಕಿನದು. ಚಹಾದಂಗಡಿಯಲ್ಲಿ ಕಾಯುತ್ತಿದ್ದ ಸ್ಥಳೀಯ ಕವಿಯೊಬ್ಬರು ಐದು ಪ್ರತಿ ತೆಗೆದುಕೊಂಡರು, ಮುಖದಲ್ಲಿ ದೊಡ್ಡ ನಗು. ದುಡ್ಡಿನ ಮಾತು ಬರುವ ಮೊದಲೇ ಬೆಂಚಿನ ಕೆಳಗಿನಿಂದ ತಮ್ಮದೇ ಕವನ ಸಂಕಲನದ ಹತ್ತು ಪ್ರತಿ ಎತ್ತಿ ಮುಂದಿಟ್ಟರು, ಇನ್ನೂ ಅಂಟಿನ ವಾಸನೆ ಆರಿರಲಿಲ್ಲ.

‘ನಿಮ್ಮವನ್ನ ಇಲ್ಲಿ ನಾ ಮಾರ್ತೀನ್ರಿ. ಇವನ್ನ ಹಾನಗಲ್ಲಾಗ ನೀವ ಮಾರಿಕೊಡ್ರಿ.’

ಮಾಸ್ತರರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಖಾರದ ಪೊಟ್ಟಣ ಸರಿಸಿ, ಚೀಲದ ಬಾಯಿ ಅಗಲಿಸಿ ಹಿಡಿದರು.