ಬಲೂನು ಹೇಳಿದ ಗುಟ್ಟು

ಮೊಮ್ಮಗನನ್ನು ನಾನು ‘ಪುಕ್ಕಲ’ ಎಂದು ಛೇಡಿಸುತ್ತಿದ್ದೆ. ಮಾವಿನ ಮರ ಹತ್ತು ಎಂದರೆ ಅಜ್ಜಿಯ ಸೆರಗು ಹಿಡಿಯುವ ಹುಡುಗ. ಈ ರಜೆಯಲ್ಲಿ ಒಂದು ಆಟ ನನ್ನ ಬಾಯಿ ಮುಚ್ಚಿಸಿತು.

ಅದು 2002ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ಲೆಜುಯೆಜ್ ಮತ್ತು ಸಂಗಡಿಗರು ಪ್ರಕಟಿಸಿದ ಪರೀಕ್ಷೆ. ಕಂಪ್ಯೂಟರ್ ಪರದೆಯ ಮೇಲಿನ ಬಲೂನಿಗೆ ಒಂದೊಂದು ಸಲ ಗಾಳಿ ಹೊಡೆದಾಗಲೂ 5 ಸೆಂಟ್ ಜಮೆ. ಬಲೂನು ಒಡೆಯಿತೋ, ಅದರ ಗಳಿಕೆಯೆಲ್ಲ ಮಾಯ! 1ರಿಂದ 128ರೊಳಗೆ ಯಾವಾಗ ಒಡೆಯುವುದೋ ತಿಳಿಯದು. ಒಡೆಯದೆ ಉಳಿದ ಬಲೂನುಗಳಿಗೆ ಸರಾಸರಿ ಎಷ್ಟು ಸಲ ಗಾಳಿ ಹೊಡೆದಿರಿ ಎಂಬುದೇ ಅಪಾಯಕ್ಕೆ ಒಡ್ಡಿಕೊಳ್ಳುವ ಮನಸ್ಸಿನ ಅಳತೆ. (ಒಡೆದದ್ದು ಲೆಕ್ಕಕ್ಕಿಲ್ಲ, ಒಡೆಯದಿದ್ದರೆ ನೀವು ಎಲ್ಲಿ ನಿಲ್ಲಿಸುತ್ತಿದ್ದಿರೋ ಯಾರಿಗೆ ಗೊತ್ತು?) 64ರ ಸುಮಾರಿಗೆ ನಿಲ್ಲಿಸಿದರೆ ಲಾಭ ಹೆಚ್ಚು. ಬಹಳ ಜನ ಅದಕ್ಕೆ ಎಷ್ಟೋ ಮೊದಲೇ ಕೈ ತೆಗೆಯುತ್ತಾರೆ.

ಮನೆಯಲ್ಲಿ ನಾವು ಕಡಲೆಬೀಜ ಇಟ್ಟುಕೊಂಡು ಆಡಿದೆವು. 1ರಿಂದ 20ರವರೆಗಿನ ಚೀಟಿಗಳಲ್ಲಿ ಅಜ್ಜಿ ಗುಟ್ಟಾಗಿ ಎತ್ತಿದ ಸಂಖ್ಯೆಗೆ ಬಲೂನು ‘ಢಂ’! ನಾನು ಪ್ರತಿ ಸಲ ಐದಕ್ಕೇ ಸಾಕೆಂದೆ. ನಮ್ಮ ಪುಕ್ಕಲ ಹತ್ತರ ತನಕ ಜಗ್ಗಲಿಲ್ಲ. ಕೊನೆಗೆ ಅವನ ಬಟ್ಟಲೇ ತುಂಬಿತ್ತು.

“ಇಷ್ಟು ಧೈರ್ಯ ಎಲ್ಲಿತ್ತೋ?” ಎಂದೆ.

“ಮರದಿಂದ ಬಿದ್ದರೆ ಕಾಲು ಮುರಿಯುತ್ತೆ ತಾತ. ಇಲ್ಲಿ ಹೋಗೋದು ಕಡಲೆಬೀಜ ತಾನೇ?”