ಅಪಘಾತಕ್ಕೆ ಹಣೆಬರಹವೇ ಹೊಣೆಯೇ?

ಊರು ಬೆಳೆದರೆ ಸಂತೋಷವೇ. ಗೋದಾವರಿಯ ದಡದ ನಾಸಿಕವೂ, ಔರಂಗಾಬಾದೆಂದು ಕರೆಯಿಸಿಕೊಂಡು ೨೦೨೩ರಿಂದ ಛತ್ರಪತಿ ಸಂಭಾಜಿನಗರವೆನಿಸಿದ ಊರೂ ನಮ್ಮ ಕಣ್ಣೆದುರಿಗೇ ಬೆಳೆದಿವೆ. ಓಝರಿನ ವಿಮಾನ ಕಾರಖಾನೆ, ಸಾತಪುರ, ಅಂಬಡ, ವಾಳೂಜ, ಚಿಕಲಠಾಣಾಗಳ ಕೈಗಾರಿಕಾ ವಸಾಹತುಗಳು ಹೊಟ್ಟೆಪಾಡಿಗಾಗಿ ಬಂದ ನಮ್ಮಂಥವರಿಗೆ ಅನ್ನವಿತ್ತಿವೆ. ಮುಂಬಯಿಯ ಕಡೆಯಿಂದ ನಾಗಪುರದವರೆಗಿನ ೭೦೧ ಕಿಲೋಮೀಟರಿನ ಸಮೃದ್ಧಿ ಮಹಾಮಾರ್ಗವು ೨೦೨೫ರ ಜೂನ್ ೫ರಂದು ಪೂರ್ತಿಯಾಗಿ ತೆರೆಯಿತು. ಅದು ಈ ಎರಡೂ ಜಿಲ್ಲೆಗಳನ್ನು ಹಾಯ್ದು ಹೋಗುತ್ತದೆ. ಆದರೆ ವೇಗ ಬಂದಷ್ಟು ಬೇಗ ಎಚ್ಚರ ಬಂದಿತೇ?

೨೦೨೨ರ ಅಕ್ಟೋಬರ್ ೮ರ ನಸುಕಿನಲ್ಲಿ ನಾಸಿಕದ ಔರಂಗಾಬಾದ್ ರಸ್ತೆಯಲ್ಲಿ ಮಲಗುವ ಬಸ್ಸೊಂದು ಲಾರಿಗೆ ತಾಕಿ ಹೊತ್ತಿಕೊಂಡಿತು. ೧೨ ಜನ ಬೆಂದು ಹೋದರು. ೨೦೨೩ರ ಅಕ್ಟೋಬರ್ ೧೫ರ ನಡುರಾತ್ರಿ ವೈಜಾಪುರದ ಬಳಿ ಸಮೃದ್ಧಿ ಮಾರ್ಗದಲ್ಲಿ ಮಿನಿಬಸ್ಸೊಂದು ಲಾರಿಯ ಹಿಂಬದಿಗೆ ಬಡಿಯಿತು. ಯಾತ್ರೆ ಮುಗಿಸಿ ನಾಸಿಕಕ್ಕೆ ಮರಳುತ್ತಿದ್ದವರಲ್ಲಿ ೧೨ ಜನ ಸತ್ತರು, ೨೩ ಜನ ಗಾಯಗೊಂಡರು. ಒಂದು ಮಿನಿಬಸ್ಸಿನಲ್ಲಿ ೩೫ ಜನ! ಅದೇ ವರ್ಷದ ಕೊನೆಯ ದಿನ, ಡಿಸೆಂಬರ್ ೩೧ರಂದು, ವಾಳೂಜದ ಕೈಗವಸಿನ ಕಾರಖಾನೆಗೆ ರಾತ್ರಿ ಬೆಂಕಿ ಬಿದ್ದು ಒಳಗೆ ಮಲಗಿದ್ದ ೬ ಜನ ಕೆಲಸಗಾರರು ತೀರಿಕೊಂಡರು.

ಇಂಥ ಸುದ್ದಿ ಓದಿದಾಗ ನಾವು 'ಅವರ ಆಯುಷ್ಯ ಅಷ್ಟೇ' ಎಂದು ನಿಟ್ಟುಸಿರು ಬಿಡುತ್ತೇವೆ. ಕಾಲರಾ ಬಂದಾಗಲೂ ಹಿರಿಯರು ಹೀಗೆಯೇ ಅನ್ನುತ್ತಿದ್ದರು. ನೀರು ಕಾಯಿಸಿ ಕುಡಿದರೆ ಅದು ತಪ್ಪುವುದೆಂದು ತಿಳಿದ ಮೇಲೆ ಯಾರೂ ಆ ಮಾತನ್ನಾಡಲಿಲ್ಲ. ಗಾಯಕ್ಕೂ ರೋಗಕ್ಕಿರುವಂತೆ ಕಾರಣವುಂಟು; ಕಾರಣವುಂಟಾದರೆ ತಡೆಯೂ ಉಂಟು.

ಸ್ವೀಡನ್ನಿನ ಫಾಲ್‌ಶೋಪಿಂಗ್ ಎಂಬ ಸಣ್ಣ ಊರಿನವರು ೧೯೭೦ರ ದಶಕದ ಕೊನೆಗೆ ಇದನ್ನು ಮಾಡಿ ತೋರಿಸಿದರು. ಗಾಯಗೊಂಡು ಬಂದವರು ಎಲ್ಲಿ, ಹೇಗೆ ಬಿದ್ದರೆಂದು ಆಸ್ಪತ್ರೆಯಲ್ಲಿ ಬರೆದಿಟ್ಟರು. ಆ ಲೆಕ್ಕ ನೋಡಿ ಊರವರೆಲ್ಲ ಕೂಡಿ ತಿದ್ದಿಕೊಂಡರು. ಕೆಲವೇ ವರ್ಷಗಳಲ್ಲಿ ಗಾಯಗಳು ಸುಮಾರು ಕಾಲುಭಾಗ ಇಳಿದವು. ಸುರಕ್ಷತೆ ಎಲ್ಲರ ಸಮಾನ ಹಕ್ಕೆಂದು ೧೯೮೯ರಲ್ಲಿ ಸ್ಟಾಕ್‌ಹೋಮ್ ಸಮ್ಮೇಳನ ಸಾರಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾ. ಜಿ. ಗುರುರಾಜ್ ಮತ್ತು ಸಂಗಡಿಗರು ಪೊಲೀಸರಿಂದಲೂ ಆಸ್ಪತ್ರೆಗಳಿಂದಲೂ ಇಂಥದೇ ಲೆಕ್ಕ ಕೂಡಿಸಿದರು.

ಹಾಗಾದರೆ ನಮ್ಮ ಸಂಸಾರಗಳು ಮಾಡಬೇಕಾದುದೇನು? ಮೊದಲು ತಲೆ ಕಾಯೋಣ. ಹೆಲ್ಮೆಟ್ ಧರಿಸಿದರೆ ಸಾವಿನ ಭಯ ಶೇಕಡಾ ೪೨ರಷ್ಟು ಕಡಿಮೆಯಾಗುವುದೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಅಪ್ಪನ ತಲೆಗೆ ಹೆಲ್ಮೆಟ್, ಹಿಂದೆ ಕುಳಿತ ಅಮ್ಮನಿಗೂ ಮಗುವಿಗೂ ಬರೀ ಗಾಳಿ — ಇದು ಯಾವ ನ್ಯಾಯ? ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಅದು ಬೇಕೆಂದು ಕಾಯಿದೆಯೇ ಹೇಳುತ್ತದೆ. ಕೊರಳಪಟ್ಟಿ ಬಿಗಿಯದ ಹೆಲ್ಮೆಟ್ ಬಿದ್ದಾಗ ಕಳಚಿ ಹಾರಿಹೋಗುತ್ತದೆ.

ರಜೆಗೆ ಸೊಲ್ಲಾಪುರದ ಮೇಲಿಂದ ವಿಜಯಪುರಕ್ಕೋ ಹುಬ್ಬಳ್ಳಿಗೋ ರಾತ್ರಿಬಸ್ಸು ಹತ್ತಿದರೆ, ಹಾಸಿಗೆ ಬಿಡಿಸುವ ಮುನ್ನ ತುರ್ತುಬಾಗಿಲು ಎಲ್ಲಿದೆ, ಗಾಜು ಒಡೆಯುವ ಸುತ್ತಿಗೆ ಇದೆಯೇ ಎಂದು ನೋಡೋಣ, ಮಕ್ಕಳಿಗೂ ತೋರಿಸೋಣ. ವನಭೋಜನಕ್ಕೆ ಬಾಡಿಗೆ ಗಾಡಿ ಹಿಡಿದಾಗ ಆಸನವಿದ್ದಷ್ಟೇ ಜನ ಹತ್ತಲಿ, ಕತ್ತಲಾಗುವುದರೊಳಗೆ ಹಿಂದಿರುಗಲಿ.

ಅಡುಗೆಮನೆಯಲ್ಲಿ ಕೈ ಸುಟ್ಟರೆ ಶಾಯಿ, ಟೂತ್‌ಪೇಸ್ಟ್ ಬೇಡ; ನಲ್ಲಿಯ ತಣ್ಣೀರು ಇಪ್ಪತ್ತು ನಿಮಿಷ ಹರಿಯಲಿ. ಸಂಕ್ರಾಂತಿಯ ಗಾಳಿಪಟಕ್ಕೆ ನೈಲಾನ್ ಮಾಂಜಾ ಕೊಳ್ಳದಿರೋಣ. ೨೦೧೭ರಲ್ಲೇ ಅದು ನಿಷಿದ್ಧವಾಗಿದೆ, ಸ್ಕೂಟರಿನವರ ಕೊರಳು ಕೊಯ್ಯುತ್ತದೆ. ೨೦೦೩ರ ಆಗಸ್ಟ್ ೨೭ರಂದು ನಾಸಿಕದ ಕುಂಭಮೇಳದ ನೂಕುನುಗ್ಗಲಿನಲ್ಲಿ ೩೯ ಯಾತ್ರಿಕರು ಸತ್ತುದನ್ನು ಮರೆಯಬಾರದು. ೨೦೨೭ರ ಸಿಂಹಸ್ಥಕ್ಕೆ ಊರಿನಿಂದ ಬರುವ ನೆಂಟರಿಗೆ, ಪರ್ವದಿನ ಬಿಟ್ಟು ಮರುವಾರ ಮಿಂದರೂ ಗೋದಾವರಿ ಗೋದಾವರಿಯೇ ಎಂದು ಈಗಲೇ ಬರೆದು ತಿಳಿಸೋಣ.

ದಾರಿಯಲ್ಲಿ ಬಿದ್ದವರನ್ನು ಕಂಡರೆ ೧೦೮ಕ್ಕೆ ಫೋನು ಮಾಡಿ ನಿಲ್ಲೋಣ. ನೆರವಾದವರನ್ನು ಪೀಡಿಸಬಾರದೆಂದು ೨೦೧೯ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ರಕ್ಷಣೆ ಕೊಟ್ಟಿದೆ. ಪರನಾಡಿನಲ್ಲಿ ನಮಗೆ ನೆರೆಯವರೇ ಬಂಧುಗಳಲ್ಲವೇ?

ಕೊನೆಗೊಂದು ಸೂಚನೆ. ಪ್ರತಿ ಕನ್ನಡ ಸಂಘವೂ ಒಂದು ನೂರು ಪುಟದ ಪುಸ್ತಕವಿಡಲಿ. ಯಾರು ಎಲ್ಲಿ ಜಾರಿದರು, ಯಾವ ತಿರುವಿನಲ್ಲಿ ಸ್ಕೂಟರು ಉರುಳಿತು, ಯಾವ ಯಂತ್ರಕ್ಕೆ ಬೆರಳು ಸಿಕ್ಕಿತು ಎಂದು ಹೆಸರಿಲ್ಲದೆ ಬರೆಯಲಿ. ಒಂದೇ ತಿರುವು ಮೂರು ಸಲ ಕಾಣಿಸಿಕೊಂಡರೆ, ಆ ಪುಟವನ್ನೇ ಹಿಡಿದು ನಗರಪಾಲಿಕೆಗೆ ಹೋಗೋಣ.