ಮರಳಿ ಬರುವ ಸಿಸ್ಟ್, ಉಳಿಯಬೇಕಾದ ದವಡೆ

ಹದಿಹರೆಯದವರ ದವಡೆಯಲ್ಲಿ ಒಂದೇ ಸಲಕ್ಕೆ ಎರಡು ಮೂರು ಕಡೆ ಸಿಸ್ಟ್ (ಚೀಲದಂಥ ಗಂಟು) ಕಂಡರೆ, ತೆಗೆಸಿದ ಮೇಲೂ ಮತ್ತೆ ಬಂದರೆ, ಮನೆಯವರು ಮೊದಲು ಅನುಮಾನಿಸುವುದು ಆಪರೇಷನ್ ಮಾಡಿದ ಕೈಯನ್ನು. ಆದರೆ ಕಾರಣ ಹುಟ್ಟಿನಲ್ಲೇ ಇರಬಹುದು. 1960ರಲ್ಲಿ ರಾಬರ್ಟ್ ಗೊರ್ಲಿನ್ ಮತ್ತು ರಾಬರ್ಟ್ ಗೋಲ್ಟ್ಜ್ ಎಂಬ ಅಮೆರಿಕದ ವೈದ್ಯರು ದವಡೆಯ ಸಿಸ್ಟ್, ಚರ್ಮದ ಬೇಸಲ್ ಸೆಲ್ ಕ್ಯಾನ್ಸರ್, ಕವಲೊಡೆದ ಪಕ್ಕೆಲುಬು ಇವೆಲ್ಲ ಒಂದೇ ಕಾಯಿಲೆಯ ಮುಖಗಳೆಂದು ವಿವರಿಸಿದರು. ಅದನ್ನೇ ಈಗ ಗೊರ್ಲಿನ್ ಸಿಂಡ್ರೋಮ್ ಎನ್ನುತ್ತಾರೆ. ಬಹುತೇಕ ರೋಗಿಗಳಲ್ಲಿ ಇದರ ಮೂಲ 9ನೇ ಕ್ರೋಮೋಸೋಮಿನ ಪಿಟಿಸಿಎಚ್1 ಜೀನಿನ ದೋಷ ಎಂಬುದು 1996ರಲ್ಲಿ ತಿಳಿಯಿತು. ಜೀವಕೋಶಗಳಿಗೆ ಬೆಳೆಯಲು ಹೇಳುವ 'ಹೆಡ್ಜ್‌ಹಾಗ್' ಸಂಕೇತವನ್ನು ತಡೆಹಿಡಿಯುವುದು ಈ ಜೀನಿನ ಕೆಲಸ. ಅದರ ಎರಡು ಪ್ರತಿಗಳಲ್ಲಿ ಒಂದು ಹುಟ್ಟುವಾಗಲೇ ಕೆಟ್ಟಿರುವುದರಿಂದ, ಇನ್ನೊಂದೂ ಕೆಟ್ಟ ಜಾಗದಲ್ಲಿ ಆ ತಡೆ ಇಲ್ಲವಾಗುತ್ತದೆ.

ಇಲ್ಲಿ 'ಮರಳಿ ಬಂತು' ಎನ್ನುವುದರಲ್ಲಿ ಎರಡು ಬೇರೆ ಸಂಗತಿಗಳು ಬೆರೆತಿವೆ, ಚಿಕಿತ್ಸೆಯ ತೀರ್ಮಾನ ಇವನ್ನು ಬಿಡಿಸಿ ನೋಡುವುದರ ಮೇಲೇ ನಿಂತಿದೆ. ಒಡಾಂಟೋಜೆನಿಕ್ ಕೆರಟೋಸಿಸ್ಟ್ ಎನ್ನುವ ಈ ಸಿಸ್ಟಿನ ಒಳಪದರ ಈರುಳ್ಳಿಯ ಪೊರೆಯಷ್ಟು ನಾಜೂಕು, ಆರೆಂಟು ಜೀವಕೋಶಗಳಷ್ಟೇ ದಪ್ಪ. ಎಳೆದರೆ ಹರಿಯುತ್ತದೆ, ಮೂಳೆಗೆ ಅಂಟಿ ಉಳಿದ ಚೂರೇ ಮತ್ತೆ ಬೆಳೆಯುತ್ತದೆ. ಗೋಡೆಯಲ್ಲಿ ಅಡಗಿದ ಮರಿ ಸಿಸ್ಟ್‌ಗಳೂ ಹಾಗೆಯೇ. ಇದನ್ನು ಎಚ್ಚರದ ಶಸ್ತ್ರಕ್ರಿಯೆಯಿಂದ ಕಡಿಮೆ ಮಾಡಬಹುದು. ಎರಡನೆಯದು ಹಾಗಲ್ಲ. ಹಲ್ಲು ಮೂಡಿಸಿ ಮುಗಿದ ಅಂಗಾಂಶದ ತುಣುಕುಗಳು ಎಲ್ಲರ ದವಡೆಯಲ್ಲೂ ಉಳಿದಿರುತ್ತವೆ. ಗೊರ್ಲಿನ್ ಸಿಂಡ್ರೋಮ್ ಇದ್ದವರಲ್ಲಿ ಅವುಗಳಲ್ಲಿ ಯಾವುದು ಬೇಕಾದರೂ ಹೊಸ ಸಿಸ್ಟ್ ಆಗಬಲ್ಲದು. ಎಂಥ ನುರಿತ ಸರ್ಜನ್ ಆದರೂ ಇದನ್ನು ಮೊದಲೇ ಕಿತ್ತುಹಾಕಲಾರರು.

ಹಾಗಿದ್ದರೆ ಆ ಭಾಗದ ದವಡೆಯನ್ನೇ ಕತ್ತರಿಸಿ ತೆಗೆದರಾಯಿತಲ್ಲ ಎನ್ನುವ ವಾದವಿದೆ. ಕತ್ತರಿಸಿದ ಜಾಗದಲ್ಲಿ ಸಿಸ್ಟ್ ಮರಳುವುದು ತೀರಾ ವಿರಳ, ನಿಜ. ಆದರೆ ಇನ್ನೊಂದು ಬದಿಯಲ್ಲಿ ಹೊಸದು ಹುಟ್ಟುವುದನ್ನು ಅದು ತಡೆಯದು. ಬೆಳೆಯುತ್ತಿರುವ ಮಗುವಿನ ಮುಖದ ಆಕಾರ, ಅಗಿಯುವ ಶಕ್ತಿ, ಬರಬೇಕಿರುವ ಹಲ್ಲು ಇವುಗಳನ್ನು ತೆತ್ತು ಅರೆ ಲಾಭ ಪಡೆಯುವುದು ನ್ಯಾಯವಲ್ಲ. ದೊಡ್ಡ ಸಿಸ್ಟಿಗೆ ಮೊದಲು ಕಿಂಡಿ ತೆರೆದು, ಕೊಳವೆ ಇಟ್ಟು, ದಿನವೂ ಉಪ್ಪುನೀರಿನ ದ್ರಾವಣದಿಂದ ತೊಳೆಯುತ್ತ ಬಂದರೆ ಕೆಲವು ತಿಂಗಳಲ್ಲಿ ಅದು ಕುಗ್ಗುತ್ತದೆ, ಸುತ್ತ ಮೂಳೆ ತುಂಬುತ್ತದೆ, ಒಳಪದರವೂ ದಪ್ಪಗಾಗುತ್ತದೆ. ಆಗ ಉಳಿದದ್ದನ್ನು ಕೆರೆದು ತೆಗೆಯುವುದು ಸುಲಭ, ಹಲ್ಲಿಗೂ ತುಟಿಯ ಸ್ಪರ್ಶದ ನರಕ್ಕೂ ಅಪಾಯ ಕಡಿಮೆ. ಅಂಟಿದ ಜೀವಕೋಶಗಳನ್ನು ಕೊಲ್ಲಲು ಕಾರ್ನಾಯ್ ದ್ರಾವಣ ಹಚ್ಚುವ ಕ್ರಮವೂ ಇದೆ. ನರ ತೆರೆದುಕೊಂಡಿರುವಲ್ಲಿ ಮಾತ್ರ ಅದನ್ನು ಬಹಳ ಹುಷಾರಾಗಿ ಬಳಸಬೇಕು. ತಿಂಗಳುಗಟ್ಟಲೆ ತೊಳೆಯುವುದು ಮತ್ತು ತಪ್ಪದೆ ಆಸ್ಪತ್ರೆಗೆ ಬರುವುದು ಎಲ್ಲ ಕುಟುಂಬಗಳಿಗೂ ಸಾಧ್ಯವಿಲ್ಲ ಎಂಬ ಆಕ್ಷೇಪ ಗಟ್ಟಿಯಾದದ್ದೇ. ಅಂಥವರಿಗೆ ಒಂದೇ ಹಂತದಲ್ಲಿ ಸಿಸ್ಟ್ ತೆಗೆದು ಸುತ್ತಲಿನ ಮೂಳೆಯನ್ನು ತುಸು ಕೆರೆಯುವುದು ಉತ್ತಮ. ಅದಕ್ಕಾಗಿ ದವಡೆ ಕಳೆದುಕೊಳ್ಳಬೇಕಿಲ್ಲ.

ಮಾತ್ರೆಯಿಂದಲೇ ವಾಸಿಯಾಗದೇ? ಹೆಡ್ಜ್‌ಹಾಗ್ ಸಂಕೇತವನ್ನು ತಡೆಯುವ ವಿಸ್ಮೊಡೆಗಿಬ್ ಬೇಸಲ್ ಸೆಲ್ ಕ್ಯಾನ್ಸರಿಗೆ 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದನ್ನು ಸೇವಿಸಿದ ಕೆಲವು ಗೊರ್ಲಿನ್ ರೋಗಿಗಳ ದವಡೆಯ ಸಿಸ್ಟ್‌ಗಳೂ ಕುಗ್ಗಿವೆ. ಆದರೆ ಸ್ನಾಯುಸೆಳೆತ, ಕೂದಲುದುರುವಿಕೆ, ರುಚಿ ಕೆಡುವಿಕೆಯಿಂದ ಹಲವರು ಅದನ್ನು ನಡುವೆಯೇ ಬಿಡುತ್ತಾರೆ. ಗರ್ಭದಲ್ಲಿರುವ ಶಿಶುವಿಗೆ ಅದು ಅಪಾಯಕಾರಿ, ಮಕ್ಕಳಲ್ಲಿ ಮೂಳೆಯ ಬೆಳವಣಿಗೆಯನ್ನೇ ಬೇಗ ನಿಲ್ಲಿಸಬಲ್ಲದು. ಸಿಸ್ಟ್‌ಗಳು ಹೆಚ್ಚಾಗಿ ಶುರುವಾಗುವ ಎಳೆ ವಯಸ್ಸಿಗೇ ಈ ಔಷಧಿ ಹೊಂದುವುದಿಲ್ಲ.

ಕಪ್ಪು, ಕಂದು ಮೈಬಣ್ಣದವರಲ್ಲಿ ಚರ್ಮದ ಕ್ಯಾನ್ಸರ್ ಕಡಿಮೆ. ಹಾಗಾಗಿ ನಮ್ಮಲ್ಲಿ ಈ ಸಿಂಡ್ರೋಮಿನ ಮೊದಲ ಸುಳಿವು ದಂತವೈದ್ಯರ ಕುರ್ಚಿಯಲ್ಲೇ ಸಿಗಬಹುದು. ಅಂಗೈಯ ಸಣ್ಣ ಗುಳಿಗಳು, ಅಗಲವಾದ ಹಣೆ, ಎಕ್ಸ್‌ರೇಯಲ್ಲಿ ಕಾಣುವ ಕವಲು ಪಕ್ಕೆಲುಬು ಇವನ್ನು ಅವರು ಹುಡುಕಿ ನೋಡಬೇಕು. ಪತ್ತೆಯಾದರೆ ವರ್ಷಕ್ಕೊಮ್ಮೆಯಾದರೂ ದವಡೆಯ ಪರೀಕ್ಷೆ ಬೇಕು, ಅದೂ ವಿಕಿರಣವನ್ನು ಆದಷ್ಟು ಮಿತವಾಗಿಟ್ಟು. ಏಕೆಂದರೆ ಇವರ ಜೀವಕೋಶಗಳು ವಿಕಿರಣಕ್ಕೆ ಬೇಗ ಕೆಡುತ್ತವೆ, ರೇಡಿಯೋಥೆರಪಿ ಪಡೆದ ಜಾಗದಲ್ಲಿ ಚರ್ಮದ ಕ್ಯಾನ್ಸರ್ ಹುಟ್ಟಿದ ಉದಾಹರಣೆಗಳಿವೆ. ತಂದೆ ಅಥವಾ ತಾಯಿಗೆ ಈ ದೋಷವಿದ್ದರೆ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧದಷ್ಟು. ಒಬ್ಬರಲ್ಲಿ ಸಿಸ್ಟ್ ಮರಳಿದಾಗ ಒಡಹುಟ್ಟಿದವರ ದವಡೆಯನ್ನೂ ನೋಡಬೇಕಾಗುವುದು ಅದಕ್ಕೇ. ಸಿಸ್ಟ್ ಚಿಕ್ಕದಿರುವಾಗಲೇ ಸಿಕ್ಕರೆ ಸಣ್ಣ ಶಸ್ತ್ರಕ್ರಿಯೆ ಸಾಕು.